ಎಂಜಲಾಗದ ಪಂಪು

ಉಸಿರಿಗೆ ಮಡಿಯುಂಟೆ, ಓದುಗರೇ? ನಗಬೇಡಿ. ಕಳೆದ ತಿಂಗಳು ಕೋಲಾರದ ಆಸ್ಪತ್ರೆಯೊಂದರಲ್ಲಿ ಈ ಪ್ರಶ್ನೆಯ ಮೇಲೆ ಒಂದು ಸಣ್ಣ ವಾಕ್ಯಾರ್ಥಗೋಷ್ಠಿಯೇ ನಡೆದುಹೋಯಿತು.

ನನ್ನ ಅಕ್ಕನ ಗಂಡ ಶ್ರೀನಿವಾಸಪುರದ ವೆಂಕಟರಾಮಯ್ಯನವರು. ಭಾವನವರಿಗೆ ಮೊದಲಿನಿಂದಲೂ ದಮ್ಮು. ಮಾವು ಹೂಬಿಟ್ಟಿತೆಂದರೆ ಎದೆಯೊಳಗೆ ಸುಂಯ್ ಎಂಬ ಸದ್ದು. ಈ ವರ್ಷ ಅದು ಸಂಕಲ್ಪಕ್ಕೇ ಅಡ್ಡ ಬಂದು ಕುಳಿತಿತು. ದೇಶ, ಕಾಲ, ತಿಥಿಗಳನ್ನು ಹೇಳಿ ಗೋತ್ರ ತಲುಪುವಷ್ಟರಲ್ಲಿ ಉಸಿರು ಕಟ್ಟುತ್ತಿತ್ತು. ತಂದೆಯ ಶ್ರಾದ್ಧ ಬೇರೆ ಹತ್ತಿರ ಬರುತ್ತಿತ್ತು.

"ಅಪ್ಪನ ಹೆಸರು ಪೂರ್ತಿ ಹೇಳೋಕಾಗದಿದ್ರೆ ನಾನೇನು ಮಗ ಕಣಯ್ಯಾ?" ಎಂದರು. ಕಣ್ಣು ತುಂಬಿತ್ತು.

ಔಷಧವಿರಲಿಲ್ಲವೆ? ಧಾರಾಳವಾಗಿತ್ತು. ಶ್ವಾಸಕೋಶದ ಸ್ಪೆಷಲಿಸ್ಟರೊಬ್ಬರು ಪಂಪು ಕೊಟ್ಟರು (ಬಾಯಿಗಿಟ್ಟು ಎಳೆದುಕೊಳ್ಳುವ ಇನ್ಹೇಲರಿಗೆ ನಮ್ಮ ಕಡೆ ಇದೇ ಹೆಸರು). ಗುಣ ಕಾಣಲಿಲ್ಲ. ಇನ್ನೊಬ್ಬರು ಅದಕ್ಕಿಂತ ಪವರ್ ಇರುವ ಪಂಪು ಕೊಟ್ಟರು. ಆಗಲೂ ಕಾಣಲಿಲ್ಲ. ಎಕ್ಸ್‌ರೇ ಆಯಿತು, ಸ್ಕ್ಯಾನ್ ಆಯಿತು, ಕೊಳವೆಯಲ್ಲಿ ಊದಿಸಿ ನೋಡಿದ್ದಾಯಿತು. ಭಾವನವರ ಎದೆಗೂಡು ಜಿಲ್ಲೆಯ ಅರ್ಧ ವೈದ್ಯರಿಗೆ ಕಂಠಪಾಠವಾಯಿತು. ಪಂಪನ್ನು ಹೇಗೆ ಹಿಡಿಯುತ್ತೀರಿ ಎಂದು ಮಾತ್ರ ಯಾರೂ ಕೇಳಲಿಲ್ಲ. ಅಷ್ಟು ಓದಿದವರು ಇಷ್ಟು ಚಿಕ್ಕ ಪ್ರಶ್ನೆ ಕೇಳುವುದು ಅವರ ಘನತೆಗೆ ತಕ್ಕುದೆ?

ಕೊನೆಗೆ ನಾನೇ ಭಾವನವರನ್ನೂ ಅಕ್ಕನನ್ನೂ ಕೋಲಾರಕ್ಕೆ ಕರೆದುಕೊಂಡು ಹೋದೆ. ಅಲ್ಲಿನ ಹೊಸ ತಜ್ಞೆಗೆ ಇನ್ನೂ ಚಿಕ್ಕ ವಯಸ್ಸು. ದಪ್ಪ ಫೈಲನ್ನು ತೆರೆಯದೆಯೇ ಪಕ್ಕಕ್ಕಿಟ್ಟರು.

"ಎಲ್ಲಿ ತಾತ, ಒಂದ್ಸಲ ತಗೊಂಡು ತೋರ್ಸಿ."

ಭಾವನವರು ತಲೆಯನ್ನು ಹಿಂದಕ್ಕೆ ಬಾಗಿಸಿದರು. ಬಾಯಿ ತೆರೆದರು. ಚೊಂಬಿನ ನೀರನ್ನು ಎತ್ತಿ ಕುಡಿಯುವವರಂತೆ, ಪಂಪನ್ನು ತುಟಿಯಿಂದ ಗೇಣುದ್ದ ಮೇಲೆ ಹಿಡಿದು ಒತ್ತಿದರು. ಪುಸ್! ಔಷಧವೆಲ್ಲ ಫ್ಯಾನಿನ ಗಾಳಿಗೆ ಸಮರ್ಪಿತವಾಯಿತು.

"ಏನ್ ತಾತ, ಸೊಳ್ಳೆಗೆ ಹೊಡೀತಿದೀರಾ?"

"ಬಾಯಲ್ಲಿ ಕಚ್ಚಿದ್ರೆ ಎಂಜಲಾಗಲ್ವೇನಮ್ಮಾ? ಬೆಳಿಗ್ಗೆ ಎಂಜಲು ಮಾಡಿದ್ದನ್ನೇ ಸಂಜೆ ಮತ್ತೆ ಬಾಯಿಗಿಡೋದಾ?"

ಅಕ್ಕ ನನ್ನ ಕಡೆ ತಿರುಗಿದಳು. "ಅದಕ್ಕೇ ಕಣೋ, ನಮ್ಮ ದೇವರಮನೆ ಹಲ್ಲಿಗಳೆಲ್ಲ ಅಷ್ಟು ಜೋರಾಗಿ ಲೊಚಗುಡ್ತಿರೋದು! ಔಷಧ ಎಲ್ಲಾ ಅವಕ್ಕೇ ಸೇರಿದೆ."

"ಸುಮ್ನಿರೇ!" ಎಂದು ಗದರಲು ಹೋಗಿ ಭಾವನವರು ಕೆಮ್ಮಿದರು.

ನಾನು ಶಾಸ್ತ್ರದ ಮೊರೆಹೊಕ್ಕೆ. ಕಾಯಿಲೆಯವರಿಗೆ ನಿಯಮಗಳಲ್ಲಿ ವಿನಾಯಿತಿಯುಂಟು, ಹಿರಿಯರೇ ಕರುಣೆಯಿಂದ ಕೊಟ್ಟದ್ದು, ಎಂದೆ.

"ಅದು ಕೈಲಾಗದೋರಿಗೆ. ನಂಗೇನಾಗಿದೆ?" (ಈ ಎರಡು ಮಾತುಗಳ ನಡುವೆ ಗೋಡೆ ಹಿಡಿದು ಸುಧಾರಿಸಿಕೊಂಡದ್ದನ್ನು ಅವರು ಲೆಕ್ಕಕ್ಕೆ ಹಿಡಿಯಲಿಲ್ಲ.)

ಡಾಕ್ಟರಮ್ಮ ನಗಲಿಲ್ಲ. "ತಾತ, ಬಾಯಲ್ಲಿ ಕಚ್ಚಿಕೊಂಡೇ ಎಳೀಬೇಕು. ಆದ್ರೆ ಎಳೆದ್ಮೇಲೆ ನೀರು ಹಾಕಿ ಚೆನ್ನಾಗಿ ಬಾಯಿ ಮುಕ್ಕಳಿಸಲೇಬೇಕು. ಇಲ್ಲಾಂದ್ರೆ ಬಾಯೊಳಗೆ ಬೂಷ್ಟು ಕಟ್ಟತ್ತೆ. ಔಷಧದ ಡಬ್ಬಿ ತೆಗೆದಿಟ್ಟು ಈ ಪ್ಲಾಸ್ಟಿಕ್ಕನ್ನೂ ಆಗಾಗ ತೊಳೆದು ಒಣಗಿಸಿ."

ಭಾವನವರು ನೆಟ್ಟಗೆ ಕುಳಿತರು. "ಮುಕ್ಕಳಿಸಲೇಬೇಕಾ? ನಿಯಮಾನಾ?"

"ಕಡ್ಡಾಯ."

"ಮೊದಲೇ ಹೇಳೋದಲ್ವೇನಮ್ಮಾ! ಇಷ್ಟು ಮಡಿ ಇರೋ ಔಷಧಾನ ಸುಮ್ಸುಮ್ನೆ ಅನುಮಾನಿಸಿದೆ."

ಮೊನ್ನೆ ಶ್ರಾದ್ಧ ನಡೆಯಿತು. ತಂದೆ, ತಾತ, ಮುತ್ತಾತ ಮೂವರ ಹೆಸರನ್ನೂ ಭಾವನವರು ಗೋತ್ರಸಹಿತ, ಎಲ್ಲಿಯೂ ತಡೆಯದೆ ಉಚ್ಚರಿಸಿದರು. ಒಳಗೆ ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಇದ್ದಲ್ಲಿಂದಲೇ ಆ ಚಿಕ್ಕ ವಯಸ್ಸಿನ ವೈದ್ಯೆಗೆ ಕೈಮುಗಿದೆ.

ಊಟವಾದ ಮೇಲೆ ಭಾವನವರು ನನ್ನನ್ನು ಪಡಸಾಲೆಗೆ ಕರೆದರು. "ನೋಡಿದೆಯೇನಯ್ಯಾ? ಶಕ್ತಿ ಇರೋದು ಪಂಪಲ್ಲಲ್ಲ. ಮುಕ್ಕಳಿಸೋದ್ರಲ್ಲಿ!"

ಉತ್ತರಿಸಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಎರಡನೆಯ ಶಾಸ್ತ್ರಪ್ರಮಾಣಕ್ಕೆ ಹೋಗಿಯಾಗಿತ್ತು, ಮೂರನೆಯದನ್ನೂ ಆರಂಭಿಸಿದ್ದರು.

ಎದೆತುಂಬ ಉಸಿರಿರುವ ಭಾವನೊಡನೆ ವಾದಿಸಿ ಗೆದ್ದ ಭಾವಮೈದುನನೊಬ್ಬನಾದರೂ ಇದ್ದಾನೆಯೆ?