ನನ್ನ ಹೆಸರಿನ ಮಾತ್ರೆ

"ನನ್ನ ಹೆಸರು ಕೋರ್ಟಿಗೆ ಎಳೀಬೇಡಮ್ಮ," ಅಂದರು ಲಾಸ್ ಏಂಜಲೀಸ್ ಪಕ್ಕದ ವಾಲ್‌ನಟ್ ಊರಿನ ಡಾಕ್ಟರ್ ಅಂಕಲ್. ಅಂದು, ಆರಾಮಾಗಿ ಕಾಫಿ ಹೀರಿದರು. ನನಗೆ ಮೈಯೆಲ್ಲ ಉರಿದುಹೋಯಿತು. ನನ್ನ ತಮ್ಮ ರೆಡೊಂಡೊ ಬೀಚಿನಲ್ಲಿ ಕಾರಿನೊಳಗೆ ಮಲಗುತ್ತಿದ್ದ. ಗಡ್ಡ ಎದೆಗೆ ಬಂದಿತ್ತು, ಕಾಲು ಊದಿತ್ತು, ನನ್ನನ್ನು ಕಂಡರೆ ಕಿಟಕಿಯ ಗಾಜು ಏರಿಸುತ್ತಿದ್ದ. ಇವರಿಗೆ ಇವರ ಹೆಸರಿನ ಚಿಂತೆ!

ತಮ್ಮನಿಗೆ ಸ್ಕಿಜೋಫ್ರೇನಿಯಾ. ಆ ಪದವನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. 2020ರಲ್ಲಿ ಎಲ್ಲರೂ ಮನೆಯಿಂದಲೇ ಕೆಲಸ ಮಾಡುತ್ತಿದ್ದಾಗ, ಗೋಡೆಯಾಚೆಯವರು ತನ್ನ ಬಗ್ಗೆಯೇ ಮಾತಾಡ್ತಾರೆ ಅಂತ ಶುರುಮಾಡಿದ. ನಾನು ಹೋಗಿ ಅವನನ್ನು ಪೊವೇ ಊರಿನ ನಮ್ಮ ಮನೆಗೆ ಕರೆತಂದೆ. ಅಂಕಲ್ ನಮ್ಮಪ್ಪನ ಸ್ನೇಹಿತರು, ಅಷ್ಟು ದೂರದಿಂದ ಡ್ರೈವ್ ಮಾಡಿಕೊಂಡು ಬಂದು ನೋಡಿದರು. ಆಸ್ಪತ್ರೆ ಬೇಡ, ರೆಕಾರ್ಡ್ ಆದರೆ ಕೆಲಸಕ್ಕೆ ಕುತ್ತು, ಹೆಣ್ಣು ಕೊಡೋರೂ ಸಿಗಲ್ಲ ಅಂದರು. ಮಾತ್ರೆಯನ್ನು ನನ್ನ ಹೆಸರಿನಲ್ಲಿ ಬರೆದುಕೊಟ್ಟರು. ಎಂಥ ಉಪಕಾರ ಅಂತ ನಾನು ಕಾಲಿಗೆ ಬಿದ್ದು ನಮಸ್ಕಾರ ಮಾಡಿದ್ದೆ. ಈಗ ನೆನೆಸಿಕೊಂಡರೆ ಹಣೆ ಚಚ್ಚಿಕೊಳ್ಳೋಣ ಅನ್ನಿಸುತ್ತೆ.

ಎರಡು ವರ್ಷ ನಮ್ಮಲ್ಲಿದ್ದ. ಒಂದು ಬೆಳಿಗ್ಗೆ, "ಊಟದಲ್ಲಿ ಏನೋ ಬೆರೆಸ್ತೀಯ ನೀನು," ಅಂತ ತಟ್ಟೆ ತಳ್ಳಿ, ಕಾರು ಹತ್ತಿ ಹೊರಟೇಹೋದ. ಆಮೇಲೆ ಕೆಲಸ ಹೋಯಿತು, ಹಿಡಿದಿದ್ದ ಬಾಡಿಗೆ ಮನೆ ಹೋಯಿತು, ಕಾರಿನಲ್ಲೇ ಇರತೊಡಗಿದ. ಪೊಲೀಸರಿಗೆ ಮೂರು ಸಲ ಫೋನ್ ಮಾಡಿದೆ. ಅವರು ಹೋಗಿ ಹೆಸರೇನು, ಇವತ್ತು ಯಾವ ವಾರ ಅಂತ ಕೇಳುವುದು, ಇವನು ಸರಿಯಾಗಿ ಹೇಳುವುದು, ಅವರು ವಾಪಸ್ ಬರುವುದು. ವಾರದ ಹೆಸರು ಗೊತ್ತಿದ್ದರೆ ಸಾಕಂತೆ, ಮನುಷ್ಯ ಚೆನ್ನಾಗಿದ್ದ ಹಾಗೆ!

2024ರಲ್ಲಿ ಯಾರೋ ಹೇಳಿದರು, ಹೊಸ ಕೋರ್ಟು ಬಂದಿದೆ, ಆಸ್ಪತ್ರೆಯಲ್ಲಿ ಕೂಡಿಹಾಕದೆ ಹೊರಗಿದ್ದೇ ಚಿಕಿತ್ಸೆ ಆಗುವ ಹಾಗೆ ನೋಡಿಕೊಳ್ಳುತ್ತದೆ, ಒಡಹುಟ್ಟಿದವರೂ ಅಪ್ಲೈ ಮಾಡಬಹುದು ಅಂತ. ಇದ್ದಬದ್ದ ಕಾಗದವೆಲ್ಲ ಹೊತ್ತುಕೊಂಡು ಲಾಸ್ ಏಂಜಲೀಸ್‌ಗೆ ಹೋದೆ. ಸಹಾಯದ ಕೌಂಟರಿನ ಹೆಂಗಸು ಒಂದೊಂದೇ ತಿರುವಿಹಾಕಿ, "ಇದರ ಪ್ರಕಾರ ರೋಗಿ ನೀವು," ಅಂದಳು. ನಿಜವೇ. ತಮ್ಮನ ಹೆಸರಿನಲ್ಲಿ ಒಂದು ಚೀಟಿಯೂ ಇರಲಿಲ್ಲ. ರೋಗ ಅವನದು ಅಂತ ಬರೆಸಿಕೊಳ್ಳಲು ಅಂಕಲ್ ಮನೆಗೆ ಓಡಿದ್ದು, ಹೆಸರು ಎಳೀಬೇಡ ಅಂತ ಕೇಳಿಸಿಕೊಂಡದ್ದು ಅದಕ್ಕೇ. ಬಾಗಿಲು ಧಡಾರನೆ ಹಾಕಿಕೊಂಡು ಬಂದೆ. ಮತ್ತೆ ಅವರ ಮುಖ ನೋಡಿಲ್ಲ.

ಕೊನೆಗೆ ಕೌಂಟಿಯ, ಅಂದರೆ ಇಲ್ಲಿನ ಜಿಲ್ಲಾಡಳಿತದ, ಕಡೆಯಿಂದ ಒಬ್ಬ ನರ್ಸ್ ಅವನ ಕಾರಿನ ಹತ್ತಿರ ಹೋಗತೊಡಗಿದಳು. ಫುಟ್‌ಪಾತಿನ ಅಂಚಿನ ಮೇಲೆ ಕೂತು ಬರುತ್ತಿದ್ದಳು, ಅಷ್ಟೇ. "ಕೂತು ಏನ್ರೀ ಮಾಡ್ತೀರಾ, ಔಷಧಿ ಕೊಡಿ!" ಅಂತ ಫೋನಿನಲ್ಲಿ ಕೂಗಾಡಿದೆ. "ಅವರು ಒಪ್ಪಬೇಕು," ಅಂದಳು. ಬುದ್ಧಿ ಸ್ಥಿಮಿತದಲ್ಲಿ ಇಲ್ಲದವನ ಒಪ್ಪಿಗೆ ಬೇಕಂತೆ! ನಾಲ್ಕನೇ ಸಲ ಅವನು ಗಾಜು ಇಳಿಸಿದ. ಅವಳ ಜೊತೆ ಬಂದ ಡಾಕ್ಟರು ನೋಡಿ, ನನಗೆ ಬೇಕಿದ್ದ ಕಾಗದ ಬರೆದುಕೊಟ್ಟರು.

ಅರ್ಜಿಯಲ್ಲಿ ಲಕ್ಷಣಗಳನ್ನು ಬರೆಯಬೇಕಿತ್ತು. "ಅಕ್ಕ ಊಟದಲ್ಲಿ ಏನೋ ಬೆರೆಸುತ್ತಾಳೆ ಎಂಬ ಭ್ರಮೆ" ಅಂತ ಬರೆದೆ. ಭ್ರಮೆಯೂ ಇಲ್ಲ, ಮಣ್ಣೂ ಇಲ್ಲ. ಮಾತ್ರೆ ಪುಡಿಮಾಡಿ ದಿನಾ ಮೊಸರನ್ನಕ್ಕೆ ಕಲಸುತ್ತಿದ್ದವಳು ನಾನೇ. ಕೆಳಗೆ ಸಹಿಯನ್ನೂ ಹಾಕಿದೆ. ಅವನ ಒಳ್ಳೆಯದಕ್ಕೆ ತಾನೇ ಅಂದುಕೊಂಡೆ.

ಕೋರ್ಟಿನಲ್ಲಿ ಅವನು ಯಾರದೋ ದೊಗಳೆ ಶರ್ಟ್ ಹಾಕಿಕೊಂಡು ಬಂದಿದ್ದ. ಜಡ್ಜ್ ನನ್ನ ಅರ್ಜಿ ಓದಿದರು. ತಮ್ಮ ಎದ್ದುನಿಂತು ಜೇಬಿನಿಂದ ಒಂದು ಖಾಲಿ ಮಾತ್ರೆ ಡಬ್ಬಿ ತೆಗೆದ. "ಇದರ ಮೇಲೆ ನಮ್ಮಕ್ಕನ ಹೆಸರಿದೆ. ಇದನ್ನ ನನ್ನ ಅನ್ನದಲ್ಲಿ ಹಾಕ್ತಿದ್ದಳು. ಅವಳನ್ನೇ ಕೇಳಿ," ಅಂದ. ಜಡ್ಜ್ ನನ್ನ ಕಡೆ ತಿರುಗಿ, ನಿಜವೇ ಅಂತ ಕೇಳಿದರು. ಹೌದೆಂದರೆ ಅರ್ಜಿ ಬಿದ್ದುಹೋಗಿ ಇವನು ಮತ್ತೆ ಅದೇ ಕಾರಿಗೆ ಹೋಗುತ್ತಾನೆ ಅನ್ನಿಸಿತು. ಇಲ್ಲ ಅನ್ನಲು ಬಾಯಿ ತೆರೆದೆ. ಅವನು ನನ್ನನ್ನೇ ನೋಡುತ್ತಿದ್ದ. ಹೌದು ಅಂದೆ.

ಯಾರೂ ನನ್ನನ್ನು ಬೈಯಲಿಲ್ಲ, ಅದೇ ಹಿಂಸೆಯಾಯಿತು. ಜಡ್ಜ್ ಅವನನ್ನು ಕೇಳಿದರು, ನಿಮಗೇನು ಬೇಕು ಅಂತ. ತಿಂಗಳಿಗೊಂದು ಇಂಜೆಕ್ಷನ್ ಹಾಕಿಸಿಕೊಳ್ತೀರಾ ಅಂತ ನರ್ಸ್ ಕೇಳಿದ್ದಾರೆ, ಹಾಕಿಸಿಕೊಳ್ಳುತ್ತೇನೆ, ಮಲಗಲು ಒಂದು ರೂಮು ಬೇಕು ಅಂದ. ಅವನು ಒಪ್ಪಿದ್ದರಿಂದ ಅರ್ಜಿಯೂ ಬೀಳಲಿಲ್ಲ, ಬಲವಂತದ ಮಾತೂ ಬರಲಿಲ್ಲ.

ಹೊರಗೆ ಕಾರಿಡಾರಿನಲ್ಲಿ ನನಗೆ ತಡೆಯಲಾಗಲಿಲ್ಲ. "ಯಾರೋ ಗುರುತು ಪರಿಚಯ ಇಲ್ಲದವಳು ಹೇಳಿದರೆ ಒಪ್ಕೋತೀಯ. ನಾನೇನು ಪಾಪ ಮಾಡಿದ್ದೆನೋ? ಎರಡು ವರ್ಷ ನಾನು ಕೊಟ್ಟಿದ್ದೂ ಔಷಧೀನೇ ಅಲ್ವೇನೋ?" ಅಂತ ಎಲ್ಲರೆದುರೇ ಕಿರುಚಿದೆ.

"ನೀನು ಕೇಳಿದ್ದಿದ್ದರೂ ತಗೋತಿದ್ದೆ ಅಕ್ಕ," ಅಂದ.