ಬಿರಡೆಯ ಮೇಲಿನ ಅರಿಶಿನ

ಮಗನ ಶಾಲೆಯ ವಿಜ್ಞಾನದ ಪೆಟ್ಟಿಗೆ ತೆರೆದಾಗ ಹೊಸ ರಬ್ಬರ್ ಬಿರಡೆಯ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. "ಅದೇನಮ್ಮಾ, ಮೂಸ್ತಾ ಕೂತ್ಬುಟ್ಟೆ?" ಎಂದು ಅವನು ನಕ್ಕ. ನನಗೆ ನಗು ಬರಲಿಲ್ಲ. ಹೊಸೂರಿನ ಕಾರ್ಖಾನೆಯ ಲ್ಯಾಬಿನಲ್ಲಿ ಗಾಜಿನ ಸಾಮಾನು ತೊಳೆಯುತ್ತಿದ್ದ, ನಾವೆಲ್ಲ ಅಕ್ಕ ಎಂದೇ ಕರೆಯುತ್ತಿದ್ದ ಹೆಂಗಸು ಕಣ್ಣ ಮುಂದೆ ಬಂದು ನಿಂತಿದ್ದರು...

ಎರಡು ಸಾವಿರದ ದಶಕ ಮುಗಿಯುತ್ತಿದ್ದ ಹೊತ್ತು. ನಾನು ಎಂಎಸ್ಸಿ ಮುಗಿಸಿ, ಬಾಗಲೂರಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಹೊಸ ಕೆಮಿಸ್ಟ್. ತಲೆಯಲ್ಲಿ ಬುದ್ಧಿಗಿಂತ ಜಂಬವೇ ಹೆಚ್ಚಿತ್ತು. ಅಕ್ಕ ಡೆಂಕಣಿಕೋಟೆ ಕಡೆಯವರು, ಕಂಟ್ರಾಕ್ಟ್ ಕೆಲಸದವರು, ನಮ್ಮ ಚಿಕ್ಕಮ್ಮನ ವಯಸ್ಸು. ಗಂಡ ಹಾಸಿಗೆ ಹಿಡಿದಿದ್ದರಿಂದ ಮನೆಯಲ್ಲಿ ದುಡಿಯುವವರು ಅವರೊಬ್ಬರೇ. ಬೇರೆಯವರ ಮುಂದೆ ನನ್ನನ್ನು "ಮೇಡಮ್" ಅನ್ನುತ್ತಿದ್ದರು, ನಾವಿಬ್ಬರೇ ಇದ್ದಾಗ "ಅಮ್ಮಣ್ಣಿ". ಫ್ಲಾಸ್ಕು ತೊಳೆದ ಮೇಲೆ ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದರು. ನೀರು ಒಂದೇ ಸಮನೆ ಹರಡಿಕೊಂಡರೆ ಸರಿ, ಎಲ್ಲಾದರೂ ಹನಿಯಾಗಿ ನಿಂತರೆ ಜಿಡ್ಡಿದೆ ಎಂದು ಮತ್ತೆ ತೊಳೆಯುತ್ತಿದ್ದರು. ಇದನ್ನು ನನಗೆ ಯಾವ ಕಾಲೇಜೂ ಹೇಳಿಕೊಟ್ಟಿರಲಿಲ್ಲ.

ನನಗೆ ಒಪ್ಪಿಸಿದ್ದು ಬಣ್ಣದ ಲೇಪಕ್ಕೆ ಬೇಕಾದ ನ್ಯಾನೋ ಕಣಗಳನ್ನು ತಯಾರಿಸುವ ಕೆಲಸ. ನೀರಿನಲ್ಲಿ ಸುಲಭವಾಗಿ ಕರಗುವ ಪಾಲಿಮರ್ ಎಳೆಯೊಂದನ್ನು ತೆಗೆದುಕೊಂಡು, ಅದರ ತುದಿಗೆ ನೀರೆಂದರೆ ಆಗದ ಇನ್ನೊಂದು ಎಳೆಯನ್ನು ಬೆಳೆಸಬೇಕು. ಎರಡನೆಯದು ಉದ್ದವಾಗುತ್ತಾ ಹೋದ ಹಾಗೆ ನೀರಿನಿಂದ ತಪ್ಪಿಸಿಕೊಳ್ಳಲು ಎಳೆಗಳು ತಾವಾಗಿಯೇ ಒಂದಕ್ಕೊಂದು ಮುದುರಿಕೊಂಡು ಉಂಡೆ ಕಟ್ಟುತ್ತವೆ. ನಾವು ಕಟ್ಟುವುದಲ್ಲ, ಅವೇ ಕಟ್ಟಿಕೊಳ್ಳುವುದು! ತಿಳಿಯಾಗಿದ್ದ ದ್ರಾವಣಕ್ಕೆ ಮೊದಲು ತೆಳುವಾದ ನೀಲಿ ಛಾಯೆ ಬರುತ್ತದೆ, ಆಮೇಲೆ ಹಾಲಿನಂತೆ ಬೆಳ್ಳಗಾಗುತ್ತದೆ. ನನ್ನ ಮೊದಲ ಪ್ರಯತ್ನವೇ ಗೆದ್ದಿತ್ತು. ಲ್ಯಾಬಿನ ಮುಖ್ಯಸ್ಥರಾಗಿದ್ದ ಸರ್ ಖುಷಿಯಾಗಿ, ಇದನ್ನೇ ಇನ್ನೂ ಮೂರು ಸಲ ಮಾಡಿ ತೋರಿಸು, ಮೇಲಿನವರು ನೋಡಲು ಬರುತ್ತಾರೆ ಎಂದರು.

ಆಗ ಶುರುವಾಯಿತು ನನ್ನ ಭಕ್ತಿ. ಲ್ಯಾಬಿನ ಮೂಲೆಯಲ್ಲಿ ಅಮ್ಮನವರ ಪಟವಿತ್ತು. ಬೆಳಿಗ್ಗೆ ಅದಕ್ಕೆ ಕೈಮುಗಿದು, ಅರಿಶಿನ ಕುಂಕುಮವನ್ನು ಬೆರಳಲ್ಲಿ ತೆಗೆದು ಫ್ಲಾಸ್ಕಿನ ಬಿರಡೆಗೂ ಇಟ್ಟೆ. ಹೊಸ ಗಾಡಿಗೆ ಇಡುವುದಿಲ್ಲವೇ, ಹಾಗೆ. ಇಡೀ ದಿನ ಕಾಯಿಸಿದರೂ ದ್ರಾವಣ ನೀರಿನ ಹಾಗೇ ಇತ್ತು. ಮಾರನೆಯ ದಿನವೂ ಅಷ್ಟೇ. ಮೂರನೆಯ ದಿನ ಇನ್ನಷ್ಟು ದಪ್ಪಗೆ ಅರಿಶಿನ ಇಟ್ಟೆ, ನನ್ನ ಬುದ್ಧಿಗೆ!

ಸರ್ ಗದರಿದಾಗ ನನ್ನ ಬಾಯಿಂದ ಬಂದ ಮಾತು ಇವತ್ತಿಗೂ ನಾಚಿಕೆ ತರಿಸುತ್ತದೆ. "ಗ್ಲಾಸ್‌ವೇರ್ ಸರಿಯಾಗಿ ತೊಳೀತಿಲ್ಲ ಸರ್," ಎಂದುಬಿಟ್ಟೆ. ಅಕ್ಕ ಅಲ್ಲೇ ನಲ್ಲಿಯ ಬಳಿ ನಿಂತಿದ್ದರು. ಸರ್ ಕಂಟ್ರಾಕ್ಟರಿಗೆ ಫೋನು ಮಾಡಿ, ಸೋಮವಾರದಿಂದ ಬೇರೆಯವರನ್ನು ಕಳಿಸಿ ಎಂದರು. ಅಕ್ಕ ಉಳಿದ ಸಾಮಾನು ತೊಳೆಯಲು ತಿರುಗಿದರು.

ಸಂಜೆ ಪಾಳಿ ಬಿಡುವ ಹೊತ್ತಿಗೆ ನನ್ನ ಮೇಜಿನ ಬಳಿ ಬಂದು ಬಿರಡೆಯನ್ನು ಕೈಗಿಟ್ಟರು. ಕಲಕುವ ಕಡ್ಡಿ ಹಾದುಹೋಗುವ ತೂತಿನ ಒಳಗೆಲ್ಲ ಹಳದಿ. ಕಡ್ಡಿ ತಿರುಗಿದಂತೆ ಅರಿಶಿನ ಉದುರಿ ಒಳಕ್ಕೆ ಬಿದ್ದಿತ್ತು.

"ಇದು ನಿನ್ ಕೈ ಕೆಲ್ಸ ಅಲ್ವೇನಮ್ಮಣ್ಣಿ?" ಎಂದರು. ದನಿ ಏರಲಿಲ್ಲ. "ನಾ ಸಾರ್‌ಗೆ ತೋರ್ಸಾಕ್ ಹೋಗಕ್ಕಿಲ್ಲ. ನೀನೇ ನೋಡ್ಕೊ."

ಅಷ್ಟು ಹೇಳಿ ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸಿಗೆ ಹೊರಟೇಹೋದರು. ಅರಿಶಿನದ ಹಳದಿ ಇಂಥ ಕ್ರಿಯೆಯನ್ನು ಶುರುವಾಗುವ ಮೊದಲೇ ತಡೆದುಬಿಡುತ್ತದೆ ಎನ್ನುವುದು ಓದಿದ ನನಗೆ ಹೊಳೆಯಬೇಕಿತ್ತು... ಹೊಳೆದಿರಲಿಲ್ಲ. ಬಿರಡೆಯನ್ನು ತೊಳೆದಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಲ್ಲಿಯವರೆಗೆ ಹೋದದ್ದೂ ನಿಜ. ಆದರೆ ಆಕೆ ನನ್ನನ್ನು ನಂಬಿ ಕೊಟ್ಟುಹೋಗಿದ್ದರಲ್ಲ, ತೊಳೆಯಲು ಕೈ ಬರಲಿಲ್ಲ. ಹಾಗೇ ಸರ್ ಕೋಣೆಗೆ ಹೋಗಿ ಎಲ್ಲ ಒದರಿದೆ.

"ಎನ್ನಮ್ಮಾ ಇದು!" ಎಂದು ಸರ್ ತಮಿಳಿನಲ್ಲೇ ಉದ್ಗರಿಸಿ ತಲೆ ಮೇಲೆ ಕೈ ಹೊತ್ತರು. ನನ್ನ ಕೆಲಸ ಕಾಯಂ ಆಗುವುದು ಆರು ತಿಂಗಳು ಮುಂದಕ್ಕೆ ಹೋಯಿತು. ಆದರೆ ಕಂಟ್ರಾಕ್ಟರಿಗೆ ಅಲ್ಲೇ ಮತ್ತೊಂದು ಫೋನು ಹೋಯಿತು.

ಸೋಮವಾರ ಅಕ್ಕ ಏನೂ ಆಗಿಲ್ಲವೆಂಬಂತೆ ಬಂದು ಫ್ಲಾಸ್ಕು ತೊಳೆದುಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ದ್ರಾವಣಕ್ಕೆ ನೀಲಿ ಇಳಿಯಿತು. "ಬತ್ತಾ ಐತೆ, ಬತ್ತಾ ಐತೆ ನೋಡು!" ಎಂದು ನನಗಿಂತ ಮೊದಲು ಕೂಗಿದ್ದು ಅವರೇ. ಬೆಳ್ಳಗಾದಾಗ ನನ್ನ ಕೆನ್ನೆ ಚಿವುಟಿದರು. ನಾನು ನಕ್ಕೆ, ಕುಣಿದೆ, ಅವರ ಡಬ್ಬಿಯ ಉಪ್ಪಿಟ್ಟನ್ನೂ ತಿಂದೆ. ತಪ್ಪಾಯಿತು ಎಂಬ ಒಂದು ಮಾತನ್ನು ಮಾತ್ರ ಆಡಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಳ್ಳುತ್ತಲೇ ಕೆಲಸ ಬದಲಾಯಿತು, ಮದುವೆಯಾಯಿತು...

ಮಗನ ಪೆಟ್ಟಿಗೆ ತೆರೆದ ಮೇಲೆ ತಡೆಯಲಾಗದೆ, ಕಳೆದ ವಾರ ವಿಚಾರಿಸಿಕೊಂಡು ಡೆಂಕಣಿಕೋಟೆಗೆ ಹೋದೆ. ಬಾಗಿಲು ತೆರೆದವಳು ಅಕ್ಕನ ಸೊಸೆ. ಅತ್ತೆ ತೀರಿಕೊಂಡು ಎರಡು ವರ್ಷವಾಯಿತು ಎಂದಳು. ನಾನು ಯಾರೆಂದು ಹೇಳಿದ್ದೇ ತಡ, ಅವಳ ಮುಖ ಅರಳಿತು.

"ಅಯ್ಯೋ, ನೀವಾ ಆ ಮೇಡಮ್ಮು? ನಮ್ಮತ್ತೆ ಬಾಳ ಹೇಳ್ತಿದ್ರು. ಒಂದ್ಸಲ ಕೆಲ್ಸದಿಂದ ತೆಗ್ದಾಕಿದ್ರಂತೆ, ನೀವೇ ಹೋಗಿ ಮಾತಾಡಿ ಉಳಿಸ್ಕೊಟ್ರಂತೆ."

ತೆಗೆಸಿದ್ದು ಯಾರೆಂದು ಅಕ್ಕ ಮನೆಯಲ್ಲಿ ಹೇಳಿರಲೇ ಇಲ್ಲ. ಅವಳು ಕಾಫಿಗೆ ನೀರಿಡಲು ಹೊರಟಳು. ನಾನು ಅವಳ ಕೈ ಹಿಡಿದು ಕೂರಿಸಿ, ನಡೆದದ್ದನ್ನು ಮೊದಲಿನಿಂದ ಹೇಳತೊಡಗಿದೆ.