ಭಂಡಾರ ಮೆತ್ತಿದ ಕ್ಯಾಮೆರಾ

‘ಅಣ್ಣಾ, ಸಾವಕಾಶ’ ಅಂದಿದ್ದೆ ನಾನು. ಅವ್ವನಿಗೆ ಹಾಗೆ ಹೇಳಿದೆ. ಪೊಲೀಸರಿಗೂ ಹಾಗೇ ಹೇಳಿದೆ. ಒಂದು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದ ಅಣ್ಣನಿಗೂ ಹೇಳಿದೆ. ‘ಹೌದಪಾ, ನೀ ಅಂದಿದ್ದಿ, ನಾನ ಕೇಳಲಿಲ್ಲ’ ಎಂದು ಅವನು ಒಪ್ಪಿಕೊಂಡ. ಅವನು ಒಪ್ಪಿದ ಮೇಲೆ ಅದು ನನಗೂ ನಿಜವಾಯಿತು. ಆ ಮಾತು ಆಡುವಾಗ ನನ್ನ ಬಾಯಲ್ಲಿದ್ದ ಅಡಿಕೆಯ ಒಗರು ಸಹ ನೆನಪಿಗೆ ಬಂತು. ನಾನು ಅಡಿಕೆ ತಿನ್ನುವುದಿಲ್ಲ.

ಅಣ್ಣ ಹಾಲಿನ ಟೆಂಪೊ ಓಡಿಸುತ್ತಿದ್ದ. ಪಾಲಬಾವಿ, ಅಲಖನೂರ ಕಡೆಯ ಕ್ಯಾನುಗಳನ್ನು ಹೇರಿಕೊಂಡು, ರಾಯಬಾಗದ ಮೇಲಿಂದ ಚಿಕ್ಕೋಡಿಗೆ. ಹಾಲು ಕೆಡುವ ಮೊದಲು ಮುಟ್ಟಬೇಕೆಂದು ಗಾಡಿಯನ್ನು ನುಗ್ಗಿಸುತ್ತಿದ್ದ. ಒಮ್ಮೆ ದಾರಿ ಬಿಡದ ಡ್ರೈವರನನ್ನು ಕೆಳಗೆಳೆದು ಜಾಕಿನ ರಾಡಿನಿಂದ ಮೊಣಕಾಲಿಗೆ ಬಾರಿಸಿದ್ದ. ನಾನು ಕಣ್ಣಾರೆ ಕಂಡಿದ್ದೇನೆ. ಅಥವಾ ಅಣ್ಣ ಅದನ್ನು ಅಷ್ಟು ಸಲ ಹೇಳಿದ್ದಾನೆ.

ಇದೆಲ್ಲ ಸಾಕಾಗಿ ಮಾಲಕ ಒಂದು ಪೆಟ್ಟಿಗೆ ತರಿಸಿ ಮುಂದಿನ ಗಾಜಿಗೆ ಕೂಡಿಸಿದ. ಅದಕ್ಕೆ ಎರಡು ಕ್ಯಾಮೆರಾ, ಒಂದು ರಸ್ತೆ ನೋಡುವುದು, ಇನ್ನೊಂದು ಡ್ರೈವರನ ಮುಖ ನೋಡುವುದು. ಚಿತ್ರ, ದನಿ ಎರಡೂ ಒಳಗಿನ ಕಾರ್ಡಿನಲ್ಲಿ ಉಳಿಯುತ್ತಿದ್ದವು. ವೇಗ ಏರಿದರೆ ಪೀಂ ಪೀಂ, ಹಿಂದೆಯೇ ವೇಗ ತಗ್ಗಿಸಿ ಎಂದು ಮರಾಠಿಯಲ್ಲಿ ಒಬ್ಬ ಹೆಂಗಸಿನ ದನಿ: ‘ವೇಗ ಕಮೀ ಕರಾ.’ ಸಂಜೆ ಮಾಲಕನ ಮೊಬೈಲಿಗೆ ನೂರಕ್ಕೆ ಇಷ್ಟು ಎಂದು ಅಂಕ ಬರುತ್ತಿತ್ತು.

ಮೊದಲ ವಾರವೇ ಅಣ್ಣ ನಟ್ಟು ತಿರುವುವ ಪಾನಾ ಎತ್ತಿ ಅದಕ್ಕೆ ಬೀಸಿದ. ಮೂಲೆ ಸೀಳಿತು, ದನಿ ನಿಲ್ಲಲಿಲ್ಲ. ‘ನಮ್ಮತ್ತಿ, ಇಷ್ಟಕ್ಕ ಸಾಯೂದಿಲ್ಲ ಬಿಡು’ ಎಂದ. ಅಂದಿನಿಂದ ಆ ಪೆಟ್ಟಿಗೆಯೇ ಅವನ ಅತ್ತೆ, ‘ಅತ್ತಿ’.

ಆ ಶನಿವಾರ ಮಾಲಕ ಎಲ್ಲ ಡ್ರೈವರರ ಮುಂದೆ ಅಂಕ ಓದಿದ. ‘ಮೂವತ್ತೊಂದು! ಸಾಲ್ಯಾಗೂ ನಪಾಸು, ಸ್ಟೇರಿಂಗಿನ್ಯಾಗೂ ನಪಾಸೇನಲೇ?’ ಎಲ್ಲರೂ ನಕ್ಕರು. ಅಣ್ಣ ಆ ದಿನ ಮನೆಗೆ ಬಂದು ನೀರಿನ ಕೊಡ ಒದ್ದು ತಗ್ಗು ಮಾಡಿದ. ಆದರೆ ಸೋಮವಾರದಿಂದ ಪೀಂ ಎಂದ ಕೂಡಲೇ ‘ಹೂಂ ಅತ್ತಿ, ಹೂಂ’ ಎಂದು ಕಾಲು ಎತ್ತತೊಡಗಿದ. ಎರಡು ತಿಂಗಳಲ್ಲಿ ತೊಂಬತ್ತು ದಾಟಿದ. ಹುಟ್ಟಿದ ಮೇಲೆ ಮೊದಲ ಸಲ ಒಂದು ಪರೀಕ್ಷೆಯಲ್ಲಿ ಪಾಸಾಗಿದ್ದ. ದಾರಿಯಲ್ಲಿ ಹೊಡೆದಾಟವೂ ನಿಂತಿತ್ತು.

ದಸರೆಯ ಖಂಡೇಪೂಜೆಯ ದಿನ ಗಾಡಿ ತೊಳೆದವನು ಅವನು, ಪೂಜೆ ಮಾಡಿದವನು ನಾನು. ಚಕ್ರಕ್ಕೆ, ಸ್ಟೇರಿಂಗಿಗೆ, ಪಾನಾಕ್ಕೆ ಹಚ್ಚಿದಂತೆಯೇ ಪೆಟ್ಟಿಗೆಗೂ ಕೊಕಟನೂರ ಎಲ್ಲಮ್ಮನ ಗುಡಿಯ ಅರಿಶಿನ ಭಂಡಾರವನ್ನು ಎಣ್ಣೆಯಲ್ಲಿ ಕಲಸಿ ದಪ್ಪಗೆ ಮೆತ್ತಿದೆ. ಎರಡೂ ಕ್ಯಾಮೆರಾಗಳ ಮೇಲೆ ಒಂದೊಂದು ಬೊಟ್ಟು. ಮರುದಿನ ಮಾಲಕನ ಫೋನು: ‘ಚಿತ್ರ ಎಲ್ಲಾ ಹಳದಿ ಬರಾಕತ್ತೈತಲ್ಲೋ, ಒರಸು.’ ಅಣ್ಣ ಅಂದ: ‘ದೇವರ ಭಂಡಾರ ಹೆಂಗ ಒರಸೂದ್ರಿ? ತಾನ ಉದರತೈತಿ.’ ಮಾಲಕ ಫೋನು ಇಟ್ಟ. ಅದು ಉದುರಲಿಲ್ಲ.

ಕಬ್ಬಿನ ಹಂಗಾಮು ಶುರುವಾದ ವಾರ, ಬೆಳಿಗ್ಗೆ, ನಾನು ಅವನ ಬಾಜೂಕ ಕೂತಿದ್ದೆ. ಚಿಕ್ಕೋಡಿಯ ನನ್ನ ಕಚೇರಿಯಲ್ಲಿ ಹತ್ತರೊಳಗೆ ಹಾಜರಿಯ ಹೆಬ್ಬೆಟ್ಟು ಒತ್ತಬೇಕಿತ್ತು. ಮುಂದೆ ಎರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರು. ಅದನ್ನು ದಾಟುವಾಗ ಎದುರಿನಿಂದ, ತನ್ನ ಬದಿಯಲ್ಲೇ, ಹಿಟ್ಟಿನ ಚೀಲ ಇಟ್ಟುಕೊಂಡ ಒಬ್ಬ ಬೈಕಿನವನು ಬಂದ. ಆಮೇಲೆ ಹಾಲು, ಜೋಳದ ಹಿಟ್ಟು, ಒಂದು ಚಪ್ಪಲಿ. ಚಪ್ಪಲಿಯಲ್ಲಿ ಪಾದ ಇತ್ತು. ಮಿರಜದ ಆಸ್ಪತ್ರೆಗೆ ಒಯ್ಯುವಾಗ ದಾರಿಯಲ್ಲೇ ಬೈಕಿನವನು ಸತ್ತ.

ಜನ ಟ್ರೇಲರಿನಿಂದ ಕಬ್ಬು ಹಿರಿದರು. ಹಸಿ ಕಬ್ಬಿನ ಏಟಿಗೆ ಒಂದು ಒದ್ದೆ ಸಪ್ಪಳ ಇರುತ್ತದೆ. ಅದು ನಡುವೆ ಸೀಳಿ, ಹಾಲು ಬಿಟ್ಟು, ಸೀಳಿದ್ದೇ ಚೂರಿಯಾಗುತ್ತದೆ. ಅಂಥದ್ದೊಂದು ಅಣ್ಣನ ಎಡಗಣ್ಣಿಗೆ ಹೊಕ್ಕಿತು. ಹೊಡೆಯಲು ಅಷ್ಟು ಪಳಗಿದ್ದ ಕೈಗಳನ್ನು ಅವನು ಎತ್ತಲಿಲ್ಲ. ‘ತಪ್ಪ ನಂದ ಐತಿ, ಹೊಡೀರಿ’ ಎನ್ನುತ್ತಿದ್ದ. ಆಸ್ಪತ್ರೆಯಲ್ಲಿ ನರ್ಸ್ ಮೂರು ಸಲ ತೊಳೆದರೂ ಅವನ ಕೂದಲಿನ ಅಂಟು ಹೋಗಲಿಲ್ಲ. ನೊಣ ಮುತ್ತುತ್ತಿದ್ದವು. ನಾನು ಎಲ್ಲಿದ್ದೆ? ಅವನ ಮೇಲೆ ಬಿದ್ದು ಏಟು ತಡೆದೆ ಎಂದು ಒಮ್ಮೆ ಬರೆದಿಟ್ಟಿದ್ದೆ. ನನ್ನ ಮೈಮೇಲೆ ಒಂದು ಗೀರೂ ಇರಲಿಲ್ಲ.

ಆಸ್ಪತ್ರೆಯಿಂದ ಬಂದ ಮೇಲೆ ಅಣ್ಣ ಮನೆಯ ಮಂಚ ಬಿಟ್ಟು ಏಳಲಿಲ್ಲ. ಬಂದವರಿಗೆಲ್ಲ ಒಂದೇ ಮಾತು: ‘ಅತ್ತಿ ಬ್ಯಾಡ ಅಂದ್ಲು, ತಮ್ಮ ಬ್ಯಾಡ ಅಂದ. ನಾ ರಾಕ್ಷಸ, ಕೊಂದೆ.’

ಚಿತ್ರ ಬರೀ ಹಳದಿ ಎಂದು ಮಾಲಕ ಕಾರ್ಡನ್ನು ಮೇಜಿನ ಖಾನೆಯಲ್ಲಿ ಎಸೆದಿದ್ದ. ಮೂರು ತಿಂಗಳಾದ ಮೇಲೆ ನನಗೆ ಕೊಟ್ಟ. ಕಚೇರಿಯ ಕಂಪ್ಯೂಟರಿಗೆ ಕಾರ್ಡು ಹಾಕಿ, ಅದರ ದನಿ ಏರಿಸಿ ಕೇಳಿದೆ. ಕೇಳಿ ನಾಲ್ಕು ದಿನ ಅದನ್ನು ಜೇಬಿನಲ್ಲೇ ಇಟ್ಟುಕೊಂಡು ತಿರುಗಿದೆ. ಐದನೆಯ ದಿನ ಅಣ್ಣನ ಮಂಚದ ಮೇಲೆ ಕೂತು ಮೊಬೈಲಿಗೆ ಹಾಕಿ ಹಚ್ಚಿದೆ.

ಪೀಂ ಪೀಂ. ‘ವೇಗ ಕಮೀ ಕರಾ.’ ‘ಹೂಂ ಅತ್ತಿ, ಹೂಂ.’ ಎಂಜಿನ್ ತಗ್ಗಿತು. ಮಂಚದ ಮೇಲೆ, ಚಾದರದೊಳಗೆ, ಅಣ್ಣನ ಬಲಗಾಲು ಬ್ರೇಕ್ ಒತ್ತಿತು.

ಆಮೇಲೆ ನನ್ನ ದನಿ. ‘ಈ ಅತ್ತಿ ಮಾತಿಗೆ ಇಷ್ಟ ಅಂಜತಿಯೇನ ಅಣ್ಣಾ? ನಂದು ಹೆಬ್ಬೆಟ್ಟು ತಪ್ಪತೈತಿ. ದಾಟಿಬಿಡು.’

‘ಟ್ರ್ಯಾಕ್ಟರ್ ಉದ್ದ ಐತೆಲೇ ಸಾಹೇಬಾ.’

‘ಗಂಡಸ ಹೌದಲ್ಲೋ? ದಾಟು.’

ಎಂಜಿನ್ ಕೂಗಿತು. ಪೀಂ ಪೀಂ ಪೀಂ. ಮುಂದಿನ ಸಪ್ಪಳದ ಮೊದಲೇ ನಿಲ್ಲಿಸಿದೆ.

ಅಣ್ಣ ಎದ್ದು ಕೂತ. ಒಂದೇ ಕಣ್ಣಾದ್ದರಿಂದ ಅವನ ಅಂದಾಜು ತಪ್ಪಿ ಏಟು ಕೆನ್ನೆಯ ಬದಲು ಕಿವಿಗೆ ಬಿತ್ತು. ಕಿವಿ ಗುಂಯ್ಗುಟ್ಟಿತು. ಅವನು ಮತ್ತೆ ಕೈ ಎತ್ತಿದ, ಆದರೆ ಹೊಡೆಯಲಿಲ್ಲ.

‘ಇನ್ನೊಮ್ಮೆ ಹಚ್ಚು.’

ಹಚ್ಚಿದೆ. ಅವನ ಕಾಲು ಮತ್ತೆ ಚಾದರದೊಳಗೆ ಒತ್ತಿತು. ಅಡಿಗೆಮನೆಯಿಂದ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು: ‘ದಾಟು ದಾಟು ಅನ್ನಾಕತ್ತಾನಲ್ಲ, ಯಾವನವಾ?’

ಅಣ್ಣ ನನ್ನನ್ನೇ ನೋಡುತ್ತಿದ್ದ.

‘ನಾನವ್ವಾ’ ಎಂದೆ.